ಕರು ಎಷ್ಟು ದಿನದ್ದು?

ನಮ್ಮ ಡೇರಿಯಲ್ಲಿ ಎಳೆಗರುಗಳ ಕೊಟ್ಟಿಗೆ ನನ್ನ ಉಸ್ತುವಾರಿಯಲ್ಲಿದೆ. ಹಸುಗಳು ಸಾಲಾಗಿ ಕರು ಹಾಕುವ ಕಾಲ ಬಂತೆಂದರೆ ಊಟ, ನಿದ್ದೆಗೂ ಪುರುಸೊತ್ತಿರುವುದಿಲ್ಲ. ಈ ಸಲ ಮೊದಮೊದಲು ಹುಟ್ಟಿದ ಕರುಗಳು ಚೆನ್ನಾಗಿಯೇ ಇದ್ದವು. ಆಮೇಲೆ ಹುಟ್ಟಿದವು ಮಾತ್ರ ಒಂದರ ಬೆನ್ನಿಗೊಂದು ಭೇದಿಗೆ ಬಿದ್ದವು. ಹಳದಿ ಬಣ್ಣ, ನೀರುನೀರು, ಬಾಲಕ್ಕೂ ತೊಡೆಗೂ ಮೆತ್ತಿಕೊಂಡ ಸಗಣಿ. ಬೆಳಗ್ಗೆ ಬಾಟಲಿಯ ನಿಪ್ಪಲ್ ಕಿತ್ತುಹೋಗುವಂತೆ ಎಳೆದು ಕುಡಿದ ಕರು ಮಾರನೆಯ ಬೆಳಗ್ಗೆ ತಲೆಯನ್ನೇ ಎತ್ತದು.

ಪಶುವೈದ್ಯರಿಗೆ ಫೋನ್ ಮಾಡಿದೆ. ಸಗಣಿಯ ಬಣ್ಣ, ವಾಸನೆ, ನೊರೆ ಇದೆಯೋ ಇಲ್ಲವೋ, ಎಲ್ಲವನ್ನೂ ವರದಿ ಒಪ್ಪಿಸಿದೆ. ಡಾಕ್ಟರು ತಾಳ್ಮೆಯಿಂದ ಕೇಳಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ.

"ಕರು ಎಷ್ಟು ದಿನದ್ದು?"

"ಒಂದೊಂದು ಒಂದೊಂದು ಥರ ಇದೆ ಸರ್. ರಿಜಿಸ್ಟರ್‌ನಲ್ಲಿ ಹುಟ್ಟಿದ ತಾರೀಖು ಇದೆ."

"ಅದರ ಪಕ್ಕದಲ್ಲೇ ಭೇದಿ ಶುರುವಾದ ತಾರೀಖು ಬರೆದಿಡಿ. ನಾನು ಬರೋವರೆಗೂ ಆ್ಯಂಟಿಬಯೋಟಿಕ್ ಯಾವುದನ್ನೂ ಕೊಡಬೇಡಿ. ಹಾಲು ನಿಲ್ಲಿಸಬೇಡಿ. ಓಆರ್‌ಎಸ್ ಶುರು ಮಾಡಿ."

ಬಂದವರು ನೇರ ಕೊಟ್ಟಿಗೆಗೆ ಹೋಗಲಿಲ್ಲ, ರಿಜಿಸ್ಟರ್ ಬಿಡಿಸಿಕೊಂಡು ಕೂತರು. ಒಂದು ತಾರೀಖಿನಿಂದ ಇನ್ನೊಂದನ್ನು ಕಳೆಯುತ್ತ ಹೋದರೆ ಹೆಚ್ಚುಕಡಿಮೆ ಎಲ್ಲ ಕರುಗಳೂ ಹುಟ್ಟಿದ ಒಂದು ವಾರದ ಆಸುಪಾಸಿನಿಂದ ಎರಡು ವಾರದೊಳಗೆ ಬಿದ್ದಿದ್ದವು. "ಕೆ99 ಇ. ಕೋಲೈ ಅಲ್ಲ ಅನ್ಸುತ್ತೆ" ಎಂದರು. ಆ ಜಾತಿಯ ಇ. ಕೋಲೈ ಬ್ಯಾಕ್ಟೀರಿಯಾ ಕರುಳಿಗೆ ಕಚ್ಚಿಕೊಳ್ಳುವುದು ಬದುಕಿನ ಮೊದಲ ಮೂರು ನಾಲ್ಕು ದಿನಗಳಲ್ಲಿ. ದಿನ ಕಳೆದಂತೆ ಕರುಳಿನ ಗೋಡೆಯಲ್ಲಿ ಅದಕ್ಕೆ ಹಿಡಿತ ಸಿಗುವುದಿಲ್ಲ. ರೋಟಾ, ಕೊರೊನಾ ವೈರಸ್‌ಗಳ ಹಾವಳಿ ಹೆಚ್ಚಾಗಿ 5ನೇ ದಿನದಿಂದ ಎರಡು ವಾರದವರೆಗೆ. ಕ್ರಿಪ್ಟೋಸ್ಪೊರಿಡಿಯಂ ಎಂಬ ಏಕಕೋಶ ಪರಾವಲಂಬಿಯದ್ದೂ ಸುಮಾರಾಗಿ ಅದೇ ವಯಸ್ಸು. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಯಾವಾಗ ಬೇಕಾದರೂ ಬರಬಹುದು, ಆದರೆ ಬರುವಾಗ ಸಾಮಾನ್ಯವಾಗಿ ಜ್ವರವನ್ನೂ ರಕ್ತವನ್ನೂ ಜೊತೆಗೆ ತರುತ್ತದೆ. ಇನ್ನು ಕಾಕ್ಸಿಡಿಯಾ, ಅದೂ ಕರುಳಿನ ಪರಾವಲಂಬಿಯೇ. ಅದು ಹೊಟ್ಟೆಗೆ ಹೋಗಿ, ಕರುಳಿನಲ್ಲಿ ತನ್ನ ಸುತ್ತು ಮುಗಿಸಲು ಎರಡೂವರೆ, ಮೂರು ವಾರ ಹಿಡಿಯುತ್ತದೆ. ಹತ್ತು ದಿನದ ಕರುವಿಗೆ ಕಾಕ್ಸಿಡಿಯಾ ಔಷಧಿ ಕುಡಿಸುವವರನ್ನು ನಾನೂ ಬೇಕಾದಷ್ಟು ಕಂಡಿದ್ದೇನೆ. ಈ ಲೆಕ್ಕ ಗೊತ್ತಾದ ಮೇಲೆ ಅಂಥವರನ್ನು ಕಂಡರೆ ಔಷಧಿಯ ಬಗ್ಗೆ ಅಯ್ಯೋ ಅನಿಸುತ್ತದೆ.

ಸಗಣಿಯ ಬಣ್ಣವನ್ನು ಡಾಕ್ಟರು ಪೂರ್ತಿ ತಳ್ಳಿಹಾಕಲಿಲ್ಲ. ರಕ್ತ, ಲೋಳೆಯ ಪೊರೆ ಕಂಡರೆ ಹೇಳಿ ಎಂದರು. ಬಿಳಿ, ಹಳದಿ, ಹಸಿರು ಎಂದು ವಿಂಗಡಿಸುವುದರಿಂದ ಮಾತ್ರ ಏನೂ ತಿಳಿಯುವುದಿಲ್ಲವಂತೆ. ಮೊದಲು ಹುಟ್ಟಿದವು ಯಾಕೆ ಪಾರಾದವು ಎಂದು ಕೇಳಿದೆ. ಪಾರಾಗಿಲ್ಲ, ಅವಕ್ಕೂ ತಗುಲಿದೆ, ನಿಮ್ಮ ಕಣ್ಣಿಗೆ ಬೀಳದಷ್ಟು ಕಡಿಮೆ ತಗುಲಿದೆ ಅಷ್ಟೇ ಎಂದರು. ಮೊದಲ ಕರು ಸ್ವಲ್ಪ ರೋಗಾಣು ನುಂಗಿ ಕೋಟ್ಯಂತರ ಹೊರಹಾಕುತ್ತದೆ. ಅದೇ ಜಾಗದಲ್ಲಿ ಮಲಗುವ ಮುಂದಿನದು ಅದಕ್ಕಿಂತ ಹೆಚ್ಚು ನುಂಗುತ್ತದೆ. ಹೀಗೆ ಸಾಲಿನ ಕೊನೆಗೆ ಹುಟ್ಟುವ ಕರುವಿಗೆ ಕಾದಿರುವುದು ಅತ್ಯಂತ ಕೊಳಕಾದ ಕೊಟ್ಟಿಗೆ, ಕಣ್ಣಿಗೆ ಎಷ್ಟೇ ಚೊಕ್ಕಟವಾಗಿ ಕಂಡರೂ.

ಆಮೇಲೆ ಕರುಗಳ ಬಳಿ ಹೋದೆವು. ಭೇದಿ ಆಗಿರುವ ಕರುವನ್ನು ನೋಡುವುದು ಹೇಗೆ ಎಂಬುದನ್ನು ಅವತ್ತು ನಿಧಾನವಾಗಿ ತೋರಿಸಿಕೊಟ್ಟರು. ಮೊದಲು ಬೆರಳು ತೊಳೆದು ಕರುವಿನ ಬಾಯೊಳಗೆ ಇಡಬೇಕು. ಬಾಯಿ ಬೆಚ್ಚಗಿದ್ದು, ನಾಲಿಗೆ ಬೆರಳನ್ನು ಸುತ್ತಿಕೊಂಡು ಚೀಪಿದರೆ ಆ ಕರುವಿಗೆ ಬಾಯಿಂದಲೇ ಕುಡಿಸಬಹುದು. ಬಾಯಿ ತಣ್ಣಗಿದ್ದು, ನಾಲಿಗೆ ಸುಮ್ಮನೆ ಬಿದ್ದುಕೊಂಡಿದ್ದರೆ ಬಾಟಲಿ ಹಿಡಿದು ಕಾಯುವುದರಲ್ಲಿ ಅರ್ಥವಿಲ್ಲ. ಎರಡನೆಯದು ಕತ್ತಿನ ಪಕ್ಕದ ಚರ್ಮವನ್ನು ಹಿಡಿದೆತ್ತಿ, ತುಸು ತಿರುಚಿ ಬಿಡುವುದು. ಗಟ್ಟಿಮುಟ್ಟಾದ ಕರುವಿನಲ್ಲಿ ಬಿಟ್ಟ ಕೂಡಲೇ ಮಡಿಕೆ ಮಾಯವಾಗುತ್ತದೆ. ನಾವು ಹಿಡಿದ ಒಂದು ಕರುವಿನ ಮಡಿಕೆ ಹಾಗೇ ನಿಂತುಬಿಟ್ಟಿತು. ಡಾಕ್ಟರು ಸೆಕೆಂಡು ಎಣಿಸುತ್ತಿದ್ದರು, ಐದು ದಾಟಿತು, ಆರು ದಾಟಿತು. ಮೂರನೆಯದು ಕಣ್ಣು. ಕೆಳಗಿನ ರೆಪ್ಪೆಯನ್ನು ಸ್ವಲ್ಪ ಜಗ್ಗಿದರೆ ಗುಡ್ಡೆಗೂ ರೆಪ್ಪೆಗೂ ನಡುವೆ ಸಂದು ಕಾಣುತ್ತದೆಯೇ ಎಂದು ನೋಡಬೇಕು. ಸಂದು ಎದ್ದು ಕಂಡರೆ ಮೈಯಿಂದ ಬಹಳ ನೀರು ಹೋಗಿದೆ ಎಂದು ತಿಳಿಯಬೇಕು.

ಲೆಕ್ಕ ಅಲ್ಲೇ ಗೋಡೆಯ ಮೇಲೆ ಬರೆದು ತೋರಿಸಿದರು. 40 ಕೆಜಿ ತೂಗುವ ಕರು ತೂಕದ ಶೇ. 8ರಷ್ಟು ನೀರು ಕಳೆದುಕೊಂಡಿದೆ ಎಂದರೆ 3.2 ಲೀಟರ್ ಕೊರತೆ. ಅದು ಬರೀ ಹಳೆಯ ಬಾಕಿ. ಇವತ್ತು ಭೇದಿಯಲ್ಲಿ ಇನ್ನೂ ಹೋಗುತ್ತಿರುವುದು ಬೇರೆ, ದಿನನಿತ್ಯ ಬೇಕಾದ ಹಾಲು ಬೇರೆ. ಅರ್ಧ ಲೀಟರ್ ಉಪ್ಪುನೀರು ಕುಡಿಸಿ ಕೈತೊಳೆದುಕೊಂಡರೆ ಕರು ಉಳಿಯುವುದಿಲ್ಲ ಎಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ. ಬಹುಪಾಲು ಕರುಗಳು ಸಾಯುವುದು ಕರುಳಿನಲ್ಲಿರುವ ರೋಗಾಣುವಿನ ಕೈಯಲ್ಲಲ್ಲ, ಮೈಯ ನೀರು ಬತ್ತಿ, ಸೋಡಿಯಂ ಮತ್ತು ಬೈಕಾರ್ಬೊನೇಟ್ ಸಗಣಿಯ ಜೊತೆ ಹರಿದುಹೋಗಿ, ರಕ್ತ ಆಮ್ಲವಾಗುವುದರಿಂದ. ನಿಂತಲ್ಲೇ ತೂರಾಡುವ, ಕೂಗಿದರೆ ಕಿವಿಯೂ ಆಡಿಸದ ಕರುವಿನ ಸಮಸ್ಯೆ ಹೆಚ್ಚಾಗಿ ಈ ಆಮ್ಲದ್ದೇ.

ಚರ್ಮದ ಮಡಿಕೆ ನಿಂತುಹೋಗಿದ್ದ ಕರು ಚಪ್ಪಟೆಯಾಗಿ ಮಲಗಿತ್ತು. ಅದರ ಕತ್ತಿನ ರಕ್ತನಾಳಕ್ಕೆ ಸೂಜಿ ಹಾಕಿ ಬೈಕಾರ್ಬೊನೇಟ್ ಸೇರಿಸಿದ ದ್ರವ ಬಿಟ್ಟರು. ಬಾಟಲಿಯನ್ನು ಬೆಚ್ಚಗಿನ ನೀರಲ್ಲಿಟ್ಟು ಕಾಯಿಸಿಕೊಡುವ ಕೆಲಸ ನನ್ನದಾಗಿತ್ತು. ಸಂಜೆಯ ಹೊತ್ತಿಗೆ ಕರು ಮುಂಗಾಲು ಮಡಚಿ ಎದೆಯ ಮೇಲೆ ಕೂತಿತು, ರಾತ್ರಿ ಬೆರಳು ಚೀಪಿತು. ಇನ್ನೊಂದಕ್ಕೂ ಇದೇ ಚಿಕಿತ್ಸೆ ಆಯಿತು, ಅದು ಉಳಿಯಲಿಲ್ಲ.

ಉಳಿದವಕ್ಕೆ ಬಾಯಿಂದ. ಬೆಳಗ್ಗೆ ಸಂಜೆ ಹಾಲು, ನಡುವೆ ಎರಡು ಸಲ ಎರಡೆರಡು ಲೀಟರ್ ಓಆರ್‌ಎಸ್. ಕರುಗಳಿಗೆಂದೇ ಬರುವ ಓಆರ್‌ಎಸ್ ಪುಡಿಯಲ್ಲಿ ಸೋಡಿಯಂ, ಗ್ಲೂಕೋಸ್, ಆಮ್ಲವನ್ನು ತಗ್ಗಿಸುವ ಬೈಕಾರ್ಬೊನೇಟ್ ಅಥವಾ ಅಸಿಟೇಟ್ ಇದೆಯೇ ಎಂದು ಪ್ಯಾಕೆಟ್ ಮೇಲೆ ಓದಿ ತರಲು ಹೇಳಿದ್ದರು. ಅದನ್ನು ಹಾಲಿಗೆ ಬೆರೆಸಬಾರದು, ಬೈಕಾರ್ಬೊನೇಟ್ ಇದ್ದರೆ ಹೊಟ್ಟೆಯಲ್ಲಿ ಹಾಲು ಹೆಪ್ಪುಗಟ್ಟುವುದಕ್ಕೆ ಅಡ್ಡಿಯಾಗುತ್ತದೆ. ಹೀಗಾಗಿ ಎರಡರ ನಡುವೆ ಕೆಲವು ಗಂಟೆ ಬಿಡುತ್ತಿದ್ದೆವು. ಬಕೆಟ್‌ನಲ್ಲಿ ಬರೀ ನೀರು ಯಾವಾಗಲೂ ಇರುತ್ತಿತ್ತು.

ಹಾಲು ನಿಲ್ಲಿಸಬಾರದು ಎನ್ನುವುದು ನಮ್ಮಲ್ಲಿ ದೊಡ್ಡ ಜಗಳಕ್ಕೆ ಕಾರಣವಾಯಿತು. ಡೇರಿಯಲ್ಲಿ ಬಹಳ ವರ್ಷದಿಂದ ಇರುವ ಹಿರಿಯರೊಬ್ಬರು, "ಹೊಟ್ಟೆ ಕೆಟ್ಟಿರುವಾಗ ಹಾಲು ಕೊಡೋದು ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗೆ ಸಾರ್" ಎಂದು ಡಾಕ್ಟರ ಮುಖಕ್ಕೇ ಹೇಳಿದರು. ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. "ಸಗಣಿ ಕಡಿಮೆ ಆಗುತ್ತೆ ನಿಜ, ಯಾಕಂದ್ರೆ ಒಳಗೆ ಏನೂ ಹೋಗ್ತಾ ಇರಲ್ಲ. ಆದರೆ ಕರು ಒಳಗಿಂದ ಬತ್ತಿ ಹೋಗುತ್ತೆ. ಓಆರ್‌ಎಸ್‌ನಲ್ಲಿ ಹೊಟ್ಟೆ ತುಂಬೋ ಶಕ್ತಿ ಇಲ್ಲ. ಹಾಳಾದ ಕರುಳಿನ ಪದರ ಮತ್ತೆ ಬೆಳೆಯೋಕೆ ಹಾಲೇ ಬೇಕು" ಎಂದರು. ಹಿರಿಯರು ಒಪ್ಪಿದಂತೆ ಕಾಣಲಿಲ್ಲ, ಆದರೆ ಕೊಟ್ಟ ಹಾಲನ್ನು ಕುಡಿಸಿದರು.

ಬಾಯಿ ತಣ್ಣಗಾಗದೆ ಬರೀ ಚೀಪಲು ಒಲ್ಲೆನೆಂದವಕ್ಕೆ ನಳಿಕೆ ಹಾಕಿ ಓಆರ್‌ಎಸ್ ಕೊಟ್ಟೆವು. ಇದು ಕಲಿತೇ ಮಾಡಬೇಕಾದ ಕೆಲಸ. ನಳಿಕೆಯ ತುದಿಯ ಗುಂಡನ್ನು ಒದ್ದೆ ಮಾಡಿ ನಾಲಿಗೆಯ ಮೇಲಿಂದ ಹಿಂದಕ್ಕೆ ಜಾರಿಸಿ, ಕರು ನುಂಗುವಾಗ ಅದರ ಜೊತೆಗೇ ಒಳಗೆ ತಳ್ಳಬೇಕು. ಸುರಿಯುವ ಮೊದಲು ಕತ್ತಿನ ಮೇಲೆ ಕೈಯಾಡಿಸಿದರೆ ಎರಡು ಕೊಳವೆ ಕೈಗೆ ಸಿಗಬೇಕು. ಉಂಗುರ ಉಂಗುರವಾಗಿ ಗಟ್ಟಿಯಾಗಿರುವುದು ಶ್ವಾಸನಾಳ, ಇನ್ನೊಂದು ನಮ್ಮ ನಳಿಕೆ. ಒಂದೇ ಸಿಕ್ಕಿತೋ, ನಳಿಕೆ ಶ್ವಾಸನಾಳದೊಳಗೆ ಹೋಗಿರಬಹುದು, ಹೊರಗೆಳೆದು ಮತ್ತೆ ಶುರು. ನಳಿಕೆಯಲ್ಲಿ ಹೋದದ್ದು ನೇರ ದೊಡ್ಡಹೊಟ್ಟೆಗೆ ಇಳಿಯುವುದರಿಂದ ಭೇದಿಯ ಕರುವಿಗೆ ಹಾಲನ್ನು ಹೀಗೆ ಕೊಡುವುದು ಬೇಡ ಎಂದಿದ್ದರು.

ಸ್ಯಾಂಪಲ್‌ಗೆ ಅವತ್ತಷ್ಟೇ ಭೇದಿ ಶುರುವಾದ, ಔಷಧಿ ಮುಟ್ಟದ ಕರುಗಳನ್ನು ಆರಿಸಿದರು. ನೆಲದ ಮೇಲಿನ ಸಗಣಿ ನಡೆಯುವುದಿಲ್ಲ, ಗುದದ್ವಾರದಿಂದಲೇ ಡಬ್ಬಿಗೆ ತೆಗೆದುಕೊಳ್ಳಬೇಕು. ಜೊತೆಯಲ್ಲಿ ತಂದಿದ್ದ ಪಟ್ಟಿ ಪರೀಕ್ಷೆಯಲ್ಲಿ ಬಹುಪಾಲು ಸ್ಯಾಂಪಲ್‌ಗಳು ಕ್ರಿಪ್ಟೋಸ್ಪೊರಿಡಿಯಂಗೆ ಗೆರೆ ಕೊಟ್ಟವು, ಕೆಲವು ರೋಟಾಕ್ಕೂ. ಇ. ಕೋಲೈ ಗೆರೆ ಮೂಡಲೇ ಇಲ್ಲ. ಉಳಿದ ಸ್ಯಾಂಪಲ್ ಪ್ರಯೋಗಾಲಯಕ್ಕೆ ಹೋಯಿತು. ಫಲಿತಾಂಶ ಕೇಳಲು ಹೋದ ದಿನ ಸೂಕ್ಷ್ಮದರ್ಶಕದಲ್ಲಿ ನೋಡಲು ನನಗೂ ಅವಕಾಶ ಕೊಟ್ಟರು. ಹಸಿರು ಹಿನ್ನೆಲೆ, ಅದರ ತುಂಬ ಕುಂಕುಮದ ಬಣ್ಣದ ಗುಂಡು ಚುಕ್ಕೆಗಳು. ಪ್ರತಿ ಚುಕ್ಕೆ 4ರಿಂದ 6 ಮೈಕ್ರಾನ್ ಅಗಲ, ಒಂದು ಮಿಲಿಮೀಟರಿನೊಳಗೆ ಸುಮಾರು 200 ಸಾಲಾಗಿ ನಿಲ್ಲುತ್ತವೆ. ಇವು ಅದರ ಊಸಿಸ್ಟ್‌ಗಳು, ಗಟ್ಟಿ ಚಿಪ್ಪಿನ ಮೊಟ್ಟೆ ಎನ್ನಬಹುದು. ಸಗಣಿಯಲ್ಲಿ ಹೊರಬಿದ್ದ ಕ್ಷಣದಿಂದಲೇ ಇನ್ನೊಂದು ಕರುವಿಗೆ ಸೋಂಕು ತಗುಲಿಸಲು ಸಿದ್ಧ. ಕಾಕ್ಸಿಡಿಯಾ ಆದರೆ ಹೊರಗೆ ಬಂದ ಮೇಲೆ ಮಾಗಲು ಕೆಲವು ದಿನ ಬೇಕು. ಇದಕ್ಕೆ ಆ ಬಿಡುವೂ ಬೇಡ.

ಆ್ಯಂಟಿಬಯೋಟಿಕ್ ಯಾಕೆ ಬೇಡವೆಂದಿದ್ದರು ಎಂಬುದು ಆಗ ಸ್ಪಷ್ಟವಾಯಿತು. ರೋಟಾ ವೈರಸ್, ಕ್ರಿಪ್ಟೋ ಪರಾವಲಂಬಿ. ಬ್ಯಾಕ್ಟೀರಿಯಾ ಕೊಲ್ಲುವ ಔಷಧಿಗೆ ಇವೆರಡೂ ಬಗ್ಗುವುದಿಲ್ಲ. ಹಾಗೆಂದು ಪೂರ್ತಿ ಮುಟ್ಟಲೇ ಇಲ್ಲ ಎಂದಲ್ಲ. ಥರ್ಮಾಮೀಟರ್ ಹಾಕಿದಾಗ 39.5 ಡಿಗ್ರಿ ಸೆಲ್ಸಿಯಸ್ ದಾಟಿ, ಮಂಕಾಗಿ, ಸಗಣಿಯಲ್ಲಿ ರಕ್ತವೂ ಕಂಡ ಕರುಗಳಿಗೆ ಡಾಕ್ಟರು ಇಂಜೆಕ್ಷನ್ ಕೊಟ್ಟರು. ಕರುಳಿನ ಗೋಡೆ ಹರಿದಾಗ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುವ ಭಯ ಇರುತ್ತದೆ. ಆದರೆ ಜ್ವರವಿಲ್ಲದೆ, ಚುರುಕಾಗಿ ಹಾಲು ಕುಡಿಯುವ ಕರುವಿಗೆ ಬರೀ ಸಗಣಿ ತೆಳ್ಳಗಾಯಿತೆಂದು ಕೊಡಲಿಲ್ಲ. ಹೊಸದಾಗಿ ಹುಟ್ಟುವವಕ್ಕೆ ಕ್ರಿಪ್ಟೋ ತಡೆಯುವ ಹ್ಯಾಲೋಫುಜಿನೋನ್ ಬರೆದರು. ಹುಟ್ಟಿದ ಒಂದೆರಡು ದಿನದೊಳಗೆ ಶುರು ಮಾಡಿ 7 ದಿನ, ಹಾಲು ಕುಡಿದ ಮೇಲೆ ಮಾತ್ರ, ತೂಕ ನೋಡಿ. ಅಳತೆ ತುಸು ಮೀರಿದರೂ ವಿಷವಾಗುವ ಔಷಧಿ ಇದು. ಆಗಲೇ ಸೊರಗಿ ಬಿದ್ದಿರುವ ಕರುವಿಗೆ ಕೂಡದು.

ಡಾಕ್ಟರಿಗೆ ಇಷ್ಟಕ್ಕೇ ಸಮಾಧಾನವಾಗಲಿಲ್ಲ. ಒಂದು ವಾರದೊಳಗಿನ ಆರೋಗ್ಯವಂತ ಕರುಗಳಿಂದಲೂ ರಕ್ತ ತೆಗೆದರು. ರಕ್ತ ಹೆಪ್ಪುಗಟ್ಟಿ ಮೇಲೆ ನಿಂತ ತಿಳಿಯನ್ನು ಒಂದು ತೊಟ್ಟು ರಿಫ್ರ್ಯಾಕ್ಟೋಮೀಟರ್ ಗಾಜಿಗೆ ಹಾಕಿ, ಬೆಳಕಿಗೆ ಹಿಡಿದು ಓದಿದರು. ಒಂದು ಡೆಸಿಲೀಟರಿಗೆ 5.2 ಗ್ರಾಂ ಪ್ರೊಟೀನ್ ಇಲ್ಲದಿದ್ದರೆ ಗಿಣ್ಣದ ಹಾಲಿನ ರಕ್ಷಣೆ ಕರುವಿಗೆ ಸಾಕಷ್ಟು ಸಿಕ್ಕಿಲ್ಲ ಎಂದರ್ಥ. ಹಸುವಿನ ಮಾಸು ತಾಯಿಯ ರಕ್ತದ ಪ್ರತಿಕಾಯಗಳನ್ನು ಹೊಟ್ಟೆಯೊಳಗಿನ ಕರುವಿಗೆ ದಾಟಿಸುವುದಿಲ್ಲ. ಕರು ಹುಟ್ಟುವುದೇ ಬರಿಗೈಯಲ್ಲಿ. ಗಿಣ್ಣದ ಹಾಲಿನಲ್ಲಿ ಬಂದ ಪ್ರತಿಕಾಯಗಳನ್ನು ಕರುಳು ಇಡಿಯಾಗಿ ಹೀರಿಕೊಳ್ಳುವ ಬಾಗಿಲು ಗಂಟೆಗಂಟೆಗೂ ಮುಚ್ಚುತ್ತ ಬಂದು, 24 ಗಂಟೆಗೆ ಹೆಚ್ಚುಕಡಿಮೆ ಪೂರ್ತಿ ಮುಚ್ಚಿಹೋಗುತ್ತದೆ.

ಓದುಗಳನ್ನು ಹುಟ್ಟಿದ ಹೊತ್ತಿನ ಜೊತೆ ಇಟ್ಟು ನೋಡಿದೆವು. ಹಗಲು ಹುಟ್ಟಿದವು ಚೆನ್ನಾಗಿದ್ದವು. 5.2ಕ್ಕಿಂತ ಕೆಳಗೆ ಇಳಿದವೆಲ್ಲ ನಡುರಾತ್ರಿಯ ಆಸುಪಾಸಿನಲ್ಲಿ ಹುಟ್ಟಿದವು. ರಾತ್ರಿ ಪಾಳಿಯವರು ಕರುವನ್ನು ಒರೆಸಿ ತಾಯಿಯ ಪಕ್ಕ ಬಿಡುತ್ತಿದ್ದರು, ಕರು ತಾನಾಗಿ ಕುಡಿದಿರುತ್ತದೆ ಎಂಬ ನಂಬಿಕೆಯಲ್ಲಿ. ಡೇರಿ ಹಸುವಿನ ಇಳಿಬಿದ್ದ ಕೆಚ್ಚಲಿನಡಿ ತೊಟ್ಟು ಹುಡುಕಲು ಎಷ್ಟೋ ಕರುಗಳಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಹುಡುಕುವಾಗ ಮೊದಲು ಬಾಯಿಗೆ ಬರುವುದು ತಾಯಿಯ ತೊಡೆಗೆ ಅಂಟಿದ ಸಗಣಿ.

ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಮುಖ್ಯ ಸುಳಿವು ಇದೇ. ಔಷಧಿಯ ಪಟ್ಟಿ ಇದರ ಮುಂದೆ ಸಣ್ಣದು. ಈಗ ಹಸು ಕರು ಹಾಕಿದ ಕೂಡಲೇ ಹಾಲು ಕರೆದು ರಿಫ್ರ್ಯಾಕ್ಟೋಮೀಟರ್‌ನಲ್ಲಿ ಬ್ರಿಕ್ಸ್, ಅಂದರೆ ಹಾಲಿನ ಗಟ್ಟಿತನದ ಅಳತೆ, ನೋಡುತ್ತೇವೆ. 22 ಅಥವಾ ಮೇಲಿದ್ದರೆ ಮೊದಲ ಹೊತ್ತಿಗೆ ಅದೇ. ಕಡಿಮೆಯಿದ್ದರೆ ಫ್ರೀಜರ್‌ನಿಂದ ಒಳ್ಳೆಯ ಗಿಣ್ಣದ ಹಾಲಿನ ಚೀಲ ತೆಗೆದು, ಕೈಗೆ ಸುಡದಷ್ಟು ಬಿಸಿಯ ನೀರಲ್ಲಿ ಕರಗಿಸಿ ಕೊಡುತ್ತೇವೆ. ಕುದಿಯುವ ನೀರಿಗೆ ಹಾಕಿದರೆ ಪ್ರತಿಕಾಯಗಳು ಬೆಂದುಹೋಗುತ್ತವೆ. ಮೊದಲ ಎರಡು ಗಂಟೆಯೊಳಗೆ ತೂಕದ ಹತ್ತನೇ ಒಂದು ಭಾಗ, 40 ಕೆಜಿಯ ಕರುವಿಗೆ 4 ಲೀಟರ್. ರಾತ್ರಿಯಾದರೂ ಸರಿ, ಯಾರು ಪಾಳಿಯಲ್ಲಿರುತ್ತಾರೋ ಅವರು ಹೊತ್ತು ಬರೆದು ಸಹಿ ಹಾಕಬೇಕು. ಹೊಕ್ಕುಳಬಳ್ಳಿಯನ್ನು ಶೇ. 7ರ ಟಿಂಚರ್ ಅಯೋಡಿನ್‌ನಲ್ಲಿ ಅದ್ದುವುದೂ ಆಗಲೇ. ಅದು ಒಣಗುವವರೆಗೆ ರೋಗಾಣುಗಳಿಗೆ ನೇರ ದಾರಿ, ಅಲ್ಲಿಂದ ಕೀಲುಗಳಿಗೆ ಇಳಿದರೆ ಕರು ಕುಂಟುತ್ತದೆ.

ತೊಳೆಯುವುದರ ಬಗ್ಗೆ ಒಂದು ಮಾತು ಹೇಳಲೇಬೇಕು. ನಿಪ್ಪಲನ್ನು ಬಾಟಲಿಯಿಂದ ಬಿಚ್ಚಿ ಒಳಮೈಗೆ ಬೆರಳಾಡಿಸಿ ಎಂದರು ಡಾಕ್ಟರು. ಜಾರಿತು. ಮೂಗಿನ ಹತ್ತಿರ ತಂದರೆ ಹುಳಿ ವಾಸನೆ. ಹಾಲಿನ ಪಾತ್ರೆಗೆ ಮೊದಲೇ ಸುಡುನೀರು ಹಾಕಿದರೆ ಪ್ರೊಟೀನ್ ಗೋಡೆಗೆ ಕಚ್ಚಿಕೊಳ್ಳುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಜಾಲಿಸಿ, ಆಮೇಲೆ ಸೋಪು ಹಾಕಿದ ಸುಡುನೀರಲ್ಲಿ ಬ್ರಷ್‌ನಿಂದ ಉಜ್ಜಿ, ಕೊನೆಗೆ ಬೋರಲು ಹಾಕಿ ಪೂರ್ತಿ ಒಣಗಿಸುವುದು ಕ್ರಮ. ಒಣಗಿಸುವುದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಕ್ರಿಪ್ಟೋ ವಿಷಯದಲ್ಲಿ ಅದೇ ದೊಡ್ಡ ಅಸ್ತ್ರ, ಯಾಕೆಂದರೆ ಬ್ಲೀಚ್‌ಗೆ ಅದು ಜಗ್ಗುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಕುಡಿಯುವ ನೀರಿನ ಮೂಲಕ ಹರಡಿ ಸುಮಾರು 4 ಲಕ್ಷ ಜನರಿಗೆ ಭೇದಿ ತರಿಸಿದ್ದೂ ಕ್ರಿಪ್ಟೋಸ್ಪೊರಿಡಿಯಂ. ಕ್ಲೋರಿನ್ ಹಾಕಿ ಶುದ್ಧಗೊಳಿಸಿದ ನೀರು ಅದು. ಬಿಸಿ, ಒಣಗು, ಹೈಡ್ರೋಜನ್ ಪೆರಾಕ್ಸೈಡ್, ಇವಕ್ಕೆ ಹೆದರುತ್ತದೆ. ಖಾಲಿಯಾದ ಗೂಡುಗಳನ್ನು ಕೆರೆದು, ತೊಳೆದು, ಪೆರಾಕ್ಸೈಡ್ ಹೊಡೆದು ಬಿಸಿಲಿಗೆ ಒಡ್ಡಿದೆವು. ಕರುಗಳು ಇರುವಾಗ ಜೋರಾದ ಪೈಪಿನಲ್ಲಿ ನೀರು ಹೊಡೆಯುವುದನ್ನು ನಿಲ್ಲಿಸಿದೆವು, ಅದು ಸಗಣಿಯನ್ನು ತುಂತುರು ಮಾಡಿ ಪಕ್ಕದ ಗೂಡಿಗೆ ತಲುಪಿಸುತ್ತದೆ.

ಕೆಲಸದ ಕ್ರಮವೂ ಬದಲಾಯಿತು. ಹಾಲು ಕುಡಿಸುವುದು ಇವತ್ತು ಹುಟ್ಟಿದ ಕರುವಿನಿಂದ ಶುರು, ವಯಸ್ಸಿನ ಸಾಲಿನಲ್ಲಿ ಮೇಲಕ್ಕೆ, ಭೇದಿಯವು ಎಲ್ಲಕ್ಕೂ ಕೊನೆಗೆ. ಭೇದಿಯ ಕರುಗಳಿಗೆ ಬೇರೆ ಬಾಟಲಿ, ಬೇರೆ ನಳಿಕೆ, ಬೇರೆ ಬೂಟು. ಒಮ್ಮೆ ಅಲ್ಲಿಗೆ ಹೋದವರು ಹಿಂದಕ್ಕೆ ಬರುವಂತಿಲ್ಲ. ಇದನ್ನು ಪಾಲಿಸುವುದು ಹೇಳಿದಷ್ಟು ಸುಲಭವಲ್ಲ. ಕೊನೆಯಲ್ಲಿರುವ ಕರುವೇ ಎಲ್ಲಕ್ಕಿಂತ ಜೋರಾಗಿ ಅಂಬಾ ಎನ್ನುತ್ತದೆ, ಕಾಲು ಅತ್ತಲೇ ಎಳೆಯುತ್ತದೆ.

ಈ ಗಲಾಟೆಯಲ್ಲಿ ಕರುಗಳ ಜೊತೆಗಿದ್ದ ಹುಡುಗನಿಗೂ ಹೊಟ್ಟೆ ಕೆಟ್ಟಿತು. ಬಿಸಿಲಿಗೆ ಇರಬೇಕು ಎಂದ. ಡಾಕ್ಟರಿಗೆ ಸುದ್ದಿ ತಿಳಿದ ಕೂಡಲೇ ಆಸ್ಪತ್ರೆಗೆ ಹೋಗಿ, ಕರುಗಳ ಕೆಲಸ ಮಾಡುತ್ತೇನೆ ಎಂದು ಬಾಯಿಬಿಟ್ಟು ಹೇಳಲು ಕಳಿಸಿದರು. ಮನುಷ್ಯರಿಗೆ ದಾಟುವ ರೋಗ ಇದು. ಗಟ್ಟಿಯಾಗಿರುವವರು ಒಂದೆರಡು ವಾರ ನರಳಿ ಏಳುತ್ತಾರೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಜೀವಕ್ಕೇ ಸಂಚಕಾರ. ಆಲ್ಕೋಹಾಲ್ ಸ್ಯಾನಿಟೈಸರ್ ಕ್ರಿಪ್ಟೋವನ್ನು ಕೊಲ್ಲುವುದಿಲ್ಲವಾದ್ದರಿಂದ ಬಾಗಿಲಲ್ಲಿದ್ದ ಅದರ ಬಾಟಲಿಯನ್ನು ತೆಗೆದು ನಲ್ಲಿ, ಸೋಪು ಹಾಕಿಸಿದೆವು. ಮಕ್ಕಳನ್ನು ಕರು ನೋಡಲು ಕರೆತರುವುದು ಸದ್ಯಕ್ಕೆ ಬಂದ್.

ಭೇದಿಯ ಅಬ್ಬರ ಇಳಿದ ಮೇಲೆ ಗೆದ್ದ ಕರುಗಳಲ್ಲಿ ಕೆಲವಕ್ಕೆ ಕೆಮ್ಮು ಹಿಡಿಯಿತು. ಒಂದರ ಎಡಗಿವಿ ಜೋತುಬಿತ್ತು, ತಲೆ ವಾಲಿತು. ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಇರಬಹುದು ಎಂದು ಡಾಕ್ಟರು ಮೂಗಿನ ಸ್ವ್ಯಾಬ್ ತೆಗೆದರು. ಅದಕ್ಕೆ ಕೋಶಗೋಡೆಯೇ ಇಲ್ಲವಾದ್ದರಿಂದ ಪೆನಿಸಿಲಿನ್ ಜಾತಿಯ ಔಷಧಿಗಳು ನಾಟುವುದಿಲ್ಲ, ಔಷಧಿ ನೋಡಿ ಆರಿಸಬೇಕು. ಕೆಚ್ಚಲು ಬಾವಿನ ಹಸುವಿನ ಹಾಲನ್ನು ಕರುಗಳಿಗೆ ಕುಡಿಸಿದರೆ ಇದು ದಾಟುತ್ತದೆ. ಆ ಹಾಲು ಈಗ ನಮ್ಮಲ್ಲಿ ಚರಂಡಿಗೆ. ಆಮೇಲೆ ನನ್ನನ್ನು ಹುಲ್ಲುಹಾಸಿನ ಮೇಲೆ ಮಂಡಿಯೂರಿಸಿ, ಕರುವಿನ ಮೂಗಿನ ಎತ್ತರದಲ್ಲಿ ಉಸಿರೆಳೆದುಕೊಳ್ಳಲು ಹೇಳಿದರು. ನಿಂತಾಗ ಏನೂ ಗೊತ್ತಾಗದಿದ್ದ ಮೂತ್ರದ ಘಾಟು ಅಲ್ಲಿ ಕಣ್ಣಲ್ಲಿ ನೀರು ತರಿಸಿತು. ಚಳಿಯೆಂದು ಸುತ್ತ ಕಟ್ಟಿದ್ದ ಪರದೆಗಳ ಮೇಲಿನ ಅರ್ಧ ಬಿಚ್ಚಿಸಿದೆವು. ಬೆಚ್ಚಗಿರಲು ಒಣಹುಲ್ಲು ಹೆಚ್ಚಿಸಿದೆವು, ಮಲಗಿದ ಕರುವಿನ ಕಾಲು ಕಾಣದಷ್ಟು ದಪ್ಪ.

ಮುಂದಿನ ಸಾಲಿನ ತುಂಬುಗಬ್ಬದ ಹಸುಗಳಿಗೆ ರೋಟಾ, ಕೊರೊನಾ, ಇ. ಕೋಲೈ ಲಸಿಕೆ ಹಾಕಿಸಲು ತಾರೀಖು ಗೊತ್ತಾಗಿದೆ. ಗಿಣ್ಣದ ಹಾಲಿನಲ್ಲಿ ಅದರ ಪ್ರತಿಕಾಯ ಬರಬೇಕೆಂದರೆ ಕರು ಹಾಕುವುದಕ್ಕೆ ಕೆಲವು ವಾರ ಮೊದಲೇ ಆಗಬೇಕು. ಈ ನಡುವೆ ನಾಲ್ಕು ವಾರ ದಾಟಿದ ಗುಂಪಿನಲ್ಲಿ ಎರಡು ಕರು ಬಾಲ ಎತ್ತಿ ಮುಕ್ಕರಿಯುತ್ತಿವೆ, ಸಗಣಿಯಲ್ಲಿ ರಕ್ತದ ಎಳೆಗಳಿವೆ. ಈ ವಯಸ್ಸಿಗೆ ಕಾಕ್ಸಿಡಿಯಾ ಸಂಶಯ ಸರಿಯಾಗಿಯೇ ಹೊಂದುತ್ತದೆ. ಆ ಎರಡರ ಜೊತೆಗೆ ಅದೇ ಗುಂಪಿನ ಚೆನ್ನಾಗಿರುವ ಕರುಗಳಿಂದಲೂ ಸ್ಯಾಂಪಲ್ ತೆಗೆದು, ಡಬ್ಬಿಯ ಮೇಲೆ ವಯಸ್ಸು ಬರೆದು ಇವತ್ತು ಬೆಳಗ್ಗೆ ಪ್ರಯೋಗಾಲಯಕ್ಕೆ ಕಳಿಸಿದ್ದೇನೆ.